ಸೇಡಂ ಸೀಮೆಯ ಕಾಲುದಾರಿಗಳು



ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲುಮಾರ್ಗದಲ್ಲಿ ವಾಡಿ ಎಂಬ ಜಂಕ್ಷನ್ನು ಇದೆ. ಅಲ್ಲಿಂದ ಒಂದು ಕವಲು ಮೂಡಲಿಗೆ ತಿರುಗಿ, ಚಿತ್ತಾಪುರ, ಮಳಖೇಡ, ಸೇಡಂಗಳ ಮೇಲೆ ಹಾದು, ತಾಂಡೂರಿನ ಮಾರ್ಗವಾಗಿ ಸಿಕಂದರಾಬಾದನ್ನು ಮುಟ್ಟುತ್ತದೆ. ಈ ಕವಲುದಾರಿಯು 1874ರಲ್ಲಿ ಸಂಚಾರಕ್ಕೆ ತೆರೆಯಿತು. ಅಂದಿನಿಂದ ಇಂದಿನವರೆಗೆ, ಈ ಒಂದೂವರೆ ಶತಮಾನದಲ್ಲಿ, ಇದರ ಮೇಲೆ ಹೋಗಿ ಬಂದವರಿಗೆ ಲೆಕ್ಕವಿಲ್ಲ. ಕಿಟಕಿಯಿಂದ ಹೊರಗೆ ನೋಡಿದವರಿಗೆ ಸಾಮಾನ್ಯವಾಗಿ ಮೂರು ವಸ್ತುಗಳು ಕಂಡಿರುತ್ತವೆ: ಕಣ್ಣು ಹಾಯುವಷ್ಟು ದೂರ ಎರೆಹೊಲ, ಅಲ್ಲಲ್ಲಿ ಬಾಯ್ದೆರೆದ ಕಲ್ಲಿನ ಗಣಿ, ಆಕಾಶಕ್ಕೆ ಎದ್ದು ನಿಂತ ಸಿಮೆಂಟು ಕಾರ್ಖಾನೆಯ ಹೊಗೆಗೊಳವೆ. ಇದು ಬಿಸಿಲಿನ ನಾಡು, ಇಲ್ಲಿ ಇಳಿದು ನೋಡತಕ್ಕದ್ದು ಏನಿದ್ದೀತು ಎಂದುಕೊಂಡು ಅವರು ಮುಂದಿನ ಊರಿಗೆ ಸಾಗಿಬಿಡುತ್ತಾರೆ.

ಇಳಿದು ನಡೆಯುವವನಿಗೆ ಈ ನಾಡು ಏನನ್ನು ತೋರಿಸುತ್ತದೆಂಬುದೇ ಈ ಸಂಜೆಯ ನನ್ನ ವಿಷಯ. ಸೇಡಂ ಪಟ್ಟಣವನ್ನು ನಡುಮನೆಯಾಗಿ ಇಟ್ಟುಕೊಂಡು, ಸುತ್ತಲಿನ ಮಳಖೇಡ, ಚಿತ್ತಾಪುರ, ವಾಡಿ, ಶಹಾಬಾದು, ಚಿಂಚೋಳಿಗಳನ್ನು ಒಂದೊಂದಾಗಿ ಸುತ್ತಿ ಬರೋಣ. ದಾರಿಯಲ್ಲಿ ಮೂರು ಹಳೆಯ ದನಿಗಳು ನಮಗೆ ಎದುರಾಗುತ್ತವೆ. ಅವು ಹುಟ್ಟಿದ ಕಾಲಗಳು ಬೇರೆ, ನುಡಿಸಿದವರ ಮತಗಳು ಬೇರೆ. ಆದರೂ ಅವು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಆ ಮಾತನ್ನು ಕೇಳಿಸಿಕೊಳ್ಳುವುದಕ್ಕಾಗಿಯೇ ಈ ನಡಿಗೆ ಎಂದು ಬೇಕಾದರೆ ತಿಳಿಯಬಹುದು.

ಮೊದಲು ಕಾಲಮಾನದ ವಿಷಯ. ಚೈತ್ರ ವೈಶಾಖಗಳಲ್ಲಿ ಈ ಸೀಮೆಯಲ್ಲಿ ನಡೆಯುವ ಸಾಹಸವನ್ನು ಯಾರೂ ಮಾಡಬಾರದು. ಮುಂಗಾರಿನಲ್ಲಿ ಎರೆಮಣ್ಣು ಕಾಲನ್ನು ಹಿಡಿದರೆ ಬಿಡುವುದಿಲ್ಲ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಕಾಲವೇ ಪ್ರಶಸ್ತವಾದುದು. ಆಗ ಗಾಳಿ ತಂಪಾಗಿರುತ್ತದೆ. ತೊಗರಿಯ ಹೊಲಗಳು ಹಳದಿ ಹೂವನ್ನು ತಳೆದು ದಾರಿಯ ಎರಡೂ ಮಗ್ಗುಲಲ್ಲಿ ನಿಂತಿರುತ್ತವೆ. ಈ ತೊಗರಿಯ ಬೇಳೆಯು 2019ರಲ್ಲಿ ‘ಗುಲಬರ್ಗಾ ತೊಗರಿಬೇಳೆ’ ಎಂಬ ಹೆಸರಿನಿಂದ ಭೌಗೋಳಿಕ ಗುರುತನ್ನು ಪಡೆಯಿತು. ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಾಗಿರುವುದೇ ಬೇಳೆಯ ರುಚಿಗೆ ಕಾರಣವೆಂದು ಇಲ್ಲಿಯವರು ಹೇಳುತ್ತಾರೆ.

ಆ ಸುಣ್ಣದ ಮೂಲವು ಕೆಳಗಿನ ಕಲ್ಲಿನಲ್ಲಿದೆ. ಈ ಸೀಮೆಯ ಮಣ್ಣಿನಡಿಯಲ್ಲಿ ಸುಣ್ಣಕಲ್ಲು ಹಾಳೆಹಾಳೆಯಾಗಿ, ಒಂದು ದೊಡ್ಡ ಪುಸ್ತಕವನ್ನು ಮಲಗಿಸಿಟ್ಟಂತೆ, ಹಾಸಿಕೊಂಡಿದೆ. ಮೂಳೆಯುಳ್ಳ ಪ್ರಾಣಿಗಳು ಭೂಮಿಯ ಮೇಲೆ ಇನ್ನೂ ಹುಟ್ಟದೆ ಇದ್ದ ಕಾಲದಲ್ಲಿ, ಒಂದು ಆಳವಿಲ್ಲದ ಕಡಲಿನ ತಳದಲ್ಲಿ ಕೂತ ಕೆಸರು ಇದು. ರಾಬರ್ಟ್ ಬ್ರೂಸ್ ಫೂಟರು 1876ರಲ್ಲಿ ಈ ಬಂಡೆಗಳನ್ನು ವಿವರವಾಗಿ ವರ್ಣಿಸಿದರು. ಭೂವಿಜ್ಞಾನಿಗಳು ಇವನ್ನು ಒಟ್ಟಾಗಿ ಭೀಮಾ ಸಮುದಾಯವೆಂದು ಕರೆದು, ಅದರ ಕೆಳಗಿನ ಭಾಗಕ್ಕೆ ಸೇಡಂ ಎಂಬ ಹೆಸರನ್ನೂ, ಅದರಲ್ಲಿಯ ಸುಣ್ಣಕಲ್ಲಿಗೆ ಶಹಾಬಾದ್ ಎಂಬ ಹೆಸರನ್ನೂ ಇಟ್ಟಿದ್ದಾರೆ. ನಮ್ಮ ಪುಟ್ಟ ಊರುಗಳ ಹೆಸರು ಜಗತ್ತಿನ ಭೂವಿಜ್ಞಾನದ ಗ್ರಂಥಗಳನ್ನು ಸೇರಿದುದು ಹೀಗೆ. ಕಲ್ಲು ಹಾಳೆಯಾಗಿ ಏಳುವುದರಿಂದ ಅದನ್ನು ಚಪ್ಪಟೆಯಾಗಿ ಒಡೆಯುವುದು ಸುಲಭ. ಆದಕಾರಣ ದಕ್ಷಿಣ ದೇಶದ ಎಷ್ಟೋ ಮನೆ, ಮಠ, ಮಸೀದಿ, ರೈಲುನಿಲ್ದಾಣಗಳ ನೆಲಕ್ಕೆ ಶಹಾಬಾದಿನ ಫರಸಿಯು ಹಾಸಾಗಿದೆ. ಈ ಮಾತನ್ನು ಕೇಳುತ್ತಿರುವವರಲ್ಲಿ ಹಲವರು ಇದೇ ಕಲ್ಲಿನ ಮೇಲೆ ಕಾಲಿಟ್ಟು ಕುಳಿತಿದ್ದರೂ ಆಶ್ಚರ್ಯವಿಲ್ಲ.

ಇನ್ನು ಸೇಡಂ ಪಟ್ಟಣ. ಕಾಗಿಣಾ ನದಿಯ ಉಪನದಿಯಾದ ಕಮಲಾವತಿಯ ಮಗ್ಗುಲಲ್ಲಿ ಇರುವ ಈ ಊರು ಬಹು ಕಾಲದಿಂದ ಸುತ್ತಲಿನ ಹಳ್ಳಿಗಳ ಪೇಟೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಈ ನಾಲ್ಕು ನುಡಿಗಳು ಒಂದೇ ಅಡತಿ ಅಂಗಡಿಯ ಮುಂದೆ ಕೇಳಿಬರುವುದು ಇಲ್ಲಿ ದಿನನಿತ್ಯದ ಸಂಗತಿ. ಹೈದರಾಬಾದು ಸಂಸ್ಥಾನದ ಕಾಲದಲ್ಲಿ ಇದರ ಹೆಸರು ಕಾಗದಪತ್ರಗಳಲ್ಲಿ ‘ಸೇರಂ’ ಎಂದಾಗಿತ್ತು. ರೈಲ್ವೆಯವರೂ ಹಾಗೆಯೇ ಬರೆಯುತ್ತಿದ್ದರು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರಲ್ಲಿ ಈ ಭಾಗವು ಕನ್ನಡ ನಾಡಿನೊಂದಿಗೆ ಒಂದಾಯಿತು. ಆದರೆ ಊರಿನ ಅತ್ಯಂತ ಹಳೆಯ ಹೆಸರನ್ನು ತಿಳಿಯಬೇಕಾದರೆ ಕಲ್ಲನ್ನೇ ಕೇಳಬೇಕು. ಶಾಸನಗಳಲ್ಲಿ ಇದು ‘ಸೇಡಿಂಬ’.

ನಡಿಗೆಯನ್ನು ಬೆಳಗ್ಗೆಯೇ ಹಳೆಯ ಊರಿನಿಂದ ಆರಂಭಿಸತಕ್ಕದ್ದು. ಪಂಚಲಿಂಗೇಶ್ವರನ ಗುಡಿ, ಕೊತ್ತಲ ಬಸವೇಶ್ವರನ ಗುಡಿ, ಹಳೆಯ ಬಸದಿ ಇವುಗಳನ್ನು ಒಂದು ಸುತ್ತಿನಲ್ಲಿಯೇ ನೋಡಬಹುದು. ಕೊತ್ತಲವೆಂದರೆ ಕೋಟೆಯ ಬುರುಜು. ಕೋಟೆಗಳು ಕರಗಿದ ಮೇಲೂ ಅಗಸಿ, ಕೊತ್ತಲ, ಹುಡೆ ಎಂಬ ಮಾತುಗಳು ಈ ಸೀಮೆಯ ಜನರ ಬಾಯಲ್ಲಿ ಉಳಿದುಕೊಂಡಿವೆ. ನಡೆಯುವವನು ಇಂಥ ಮಾತುಗಳಿಗೆ ಕಿವಿಗೊಡಬೇಕು. ಎಷ್ಟೋ ಸಲ ಇತಿಹಾಸದ ಕೊನೆಯ ಎಳೆ ಅವುಗಳಲ್ಲಿಯೇ ಇರುತ್ತದೆ.

ಸೇಡಂನ ಶಾಸನಗಳಲ್ಲಿ ಒಂದು 1124ನೆಯ ಇಸವಿಯದು. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲ. ವಿದ್ವಾಂಸರಾದ ಪಿ. ಬಿ. ದೇಸಾಯಿಯವರು ಇದನ್ನು ಪರಿಶೋಧಿಸಿ 1957ರಲ್ಲಿ ಪ್ರಕಟಿಸಿದರು. ಆಗ ಸೇಡಿಂಬವು ಒಂದು ಅಗ್ರಹಾರ. ಅಲ್ಲಿಯ ಮುನ್ನೂರು ಮಹಾಜನರು ನಾರಾಯಣನ ಭಕ್ತರು, ಅರವತ್ತುನಾಲ್ಕು ಕಲೆಗಳಲ್ಲಿ ಪಾರಂಗತರು. ತಮ್ಮ ಹೋಮದ ಬಲದಿಂದ ದೂರದ ಕಂಚಿಯ ಬಾಗಿಲನ್ನೇ ತೆಗೆಯಿಸಿದವರೆಂದು ಶಾಸನವು ಅವರನ್ನು ಹೊಗಳುತ್ತದೆ. ಈ ಹೊಗಳಿಕೆಯನ್ನು ನಾವು ಅಕ್ಷರಶಃ ನಂಬಬೇಕಾದುದಿಲ್ಲ. ನಾವು ಗಮನಿಸಬೇಕಾದ ವಿಷಯವು ಅದರ ಮುಂದಿದೆ. ವಿಷ್ಣುಭಕ್ತರಾದ ಈ ಬ್ರಾಹ್ಮಣರೇ ಒಟ್ಟುಗೂಡಿ ಶಾಂತಿನಾಥ ತೀರ್ಥಂಕರನಿಗೆ ಬಸದಿಯನ್ನು ಎತ್ತಿಸಿ, ಅದಕ್ಕೆ ಬಂಗಾರದ ಕಳಸವನ್ನಿಟ್ಟು, ನಿತ್ಯಪೂಜೆಗೆ ಭೂಮಿಯನ್ನು ಬಿಟ್ಟುಕೊಟ್ಟರು. ತಮ್ಮದಲ್ಲದ ಧರ್ಮದ ದೇವರಿಗೆ ತಮ್ಮ ಊರಿನಲ್ಲಿ ಜಾಗ ಕೊಟ್ಟುದನ್ನು ಅವರು ಮರೆಮಾಚಲಿಲ್ಲ. ಕಲ್ಲಿನಲ್ಲಿ ಕೊರೆಯಿಸಿ ಹೆಮ್ಮೆಯಿಂದ ನಿಲ್ಲಿಸಿದರು. ನಾನು ಆಗಲೇ ಹೇಳಿದ ಮೂರು ದನಿಗಳಲ್ಲಿ ಇದು ಒಂದು.

ಸೇಡಂನಿಂದ ಪಡುವಲಿಗೆ ಮೂರು ನಾಲ್ಕು ಹರದಾರಿ ಹೋದರೆ ಮಳಖೇಡ. ಕಾಗಿಣೆಯ ದಂಡೆಯಲ್ಲಿ ಕೋಟೆಯೊಂದು ನಿಂತಿದೆ. ಈಗ ಕಾಣುವ ಗೋಡೆಗಳಲ್ಲಿ ಬಹುಭಾಗ ನಂತರದ ಕಾಲದ್ದು. ಆದರೆ ನೆಲವು ರಾಷ್ಟ್ರಕೂಟರ ಮಾನ್ಯಖೇಟದ್ದು. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ ಇದೇ. 851ರಲ್ಲಿ ಬರೆದ ಅರಬ್ಬಿ ವರ್ತಕ ಸುಲೈಮಾನನ ವೃತ್ತಾಂತದಲ್ಲಿ ಲೋಕದ ನಾಲ್ವರು ಮಹಾರಾಜರ ಸಾಲಿನಲ್ಲಿ ಬಲ್ಹರನೆಂಬ ಹೆಸರಿನಿಂದ ಈ ಅರಸನಿಗೂ ಸ್ಥಾನವಿದೆ. ಅಷ್ಟು ದೊಡ್ಡ ಸಾಮ್ರಾಜ್ಯದ ನಾಭಿಯಲ್ಲಿ ಇಂದು ಆಡುಗಳು ಮೇಯುತ್ತವೆ, ಮಕ್ಕಳು ಆಡುತ್ತಾರೆ, ನದಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸಪ್ಪಳ ಕೇಳಿಸುತ್ತದೆ.

ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಸುಮಾರು 850ರಲ್ಲಿ ಶ್ರೀವಿಜಯನಿಂದ ರಚಿತವಾದುದು ಈ ಅರಸನ ಆಸ್ಥಾನದಲ್ಲಿ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚಿಗೆ ತಂದರು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ನೃಪತುಂಗನ ಕಾಲದ್ದೇ. ಕವಿರಾಜಮಾರ್ಗವು ಅಲಂಕಾರಶಾಸ್ತ್ರದ ಗ್ರಂಥ. ಕವಿಯಾಗಬೇಕೆನ್ನುವವನಿಗೆ ಗುಣದೋಷಗಳನ್ನು ತಿಳಿಸುವುದು ಅದರ ಉದ್ದೇಶ. ಅಂಥ ಗ್ರಂಥದಲ್ಲಿಯೂ ಲೇಖಕನು ಒಂದೆಡೆ ನಿಂತು, ಅನ್ಯರ ಮತವನ್ನೂ ವಿಚಾರವನ್ನೂ ತಾಳಿಕೊಳ್ಳಬಲ್ಲವನ ಬಳಿಯಲ್ಲಿಯೇ ನಿಜವಾದ ಬಂಗಾರವಿದೆಯೆಂಬ ಭಾವವನ್ನು ಹೇಳುತ್ತಾನೆ. ಬಂಗಾರವು ರಾಶಿಯಾಗಿ ಬಂದು ಬೀಳುತ್ತಿದ್ದ ರಾಜಧಾನಿಯಲ್ಲಿ ಕುಳಿತು ಈ ಮಾತನ್ನು ಹೇಳಿದನೆಂಬುದನ್ನು ಮರೆಯಬಾರದು. ಇದು ನಮ್ಮ ಎರಡನೆಯ ದನಿ.

ಆ ಬಂಗಾರ ಎಷ್ಟು ಕಾಲ ಉಳಿಯಿತು? 972ರಲ್ಲಿ ಮಾಳವದ ಪರಮಾರ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಮಾಡಿದನು. ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದನು. ಸೂರೆಯ ವರ್ಷ ನಮಗೆ ತಿಳಿದ ಬಗೆಯೂ ಕುತೂಹಲಕಾರಿಯಾದುದು. ಧನಪಾಲನೆಂಬ ಕವಿಯು ತನ್ನ ತಂಗಿ ಸುಂದರಿಗಾಗಿ ಒಂದು ಪ್ರಾಕೃತ ನಿಘಂಟನ್ನು ಬರೆದು, ಮಾಳವದ ದೊರೆ ಮಾನ್ಯಖೇಟವನ್ನು ಕೊಳ್ಳೆಹೊಡೆದ ವರ್ಷದಲ್ಲಿ ಇದನ್ನು ಮುಗಿಸಿದೆನೆಂದು ಕೊನೆಯಲ್ಲಿ ಗುರುತು ಹಾಕಿದನು. ಮಾನ್ಯಖೇಟದಲ್ಲಿಯೇ ಇದ್ದ ಅಪಭ್ರಂಶ ಕವಿ ಪುಷ್ಪದಂತನು ಅದೇ ಸೂರೆಯನ್ನು ಕಂಡು ಮರುಗಿದನು. ಕೊಳ್ಳೆಹೋದ ಬಂಗಾರ ಎಲ್ಲಿ ಹೋಯಿತೋ ಯಾರೂ ಬಲ್ಲವರಿಲ್ಲ. ಶ್ರೀವಿಜಯನು ಬಂಗಾರವೆಂದು ಕರೆದ ಮಾತು ಮಾತ್ರ ನಮ್ಮ ಕೈಯಲ್ಲಿದೆ.

ಮಳಖೇಡದ ಒಂದು ದಿನದ ನಡಿಗೆಯಲ್ಲಿ ನೇಮಿನಾಥ ಬಸದಿಯನ್ನೂ, ಅಲ್ಲಿಯ ತೀರ್ಥಂಕರ ಮೂರ್ತಿಗಳ ಸಾಲುಗಳುಳ್ಳ ಲೋಹದ ಪುಟ್ಟ ಚೈತ್ಯವನ್ನೂ ನೋಡಬೇಕು. ಕಾಗಿಣೆಯ ತೀರದ ಮಠದಲ್ಲಿ ಅಕ್ಷೋಭ್ಯತೀರ್ಥರ ಮತ್ತು ನ್ಯಾಯಸುಧೆಯನ್ನು ಬರೆದ ಜಯತೀರ್ಥರ ಹೆಸರಿನ ಬೃಂದಾವನಗಳಿವೆ. ಟೀಕಾರಾಯರ ಆರಾಧನೆಗೆ ದೂರದೂರದಿಂದ ಭಕ್ತರು ಬರುತ್ತಾರೆ. ಊರಿನಲ್ಲಿ ದರ್ಗಾ ಇದೆ, ಮಸೀದಿಯೂ ಇದೆ. ಇವೆಲ್ಲ ಒಂದೇ ಹಳ್ಳಿಯಲ್ಲಿ, ಒಂದೇ ನದಿಯ ನೀರನ್ನು ಕುಡಿದು, ನೂರಾರು ವರ್ಷಗಳಿಂದ ಇದ್ದುಕೊಂಡು ಬಂದಿವೆ.

ಮಳಖೇಡದಿಂದ ಇನ್ನೂ ಪಡುವಲಿಗೆ ಚಿತ್ತಾಪುರ. ಆ ಊರಿನ ಹೊರವಲಯದಲ್ಲಿ, ಒಂದು ಹರದಾರಿಯೂ ಇಲ್ಲದ ದೂರದಲ್ಲಿ, ನಾಗಾವಿ ಎಂಬ ಸ್ಥಳವಿದೆ. ಈಗ ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ನಾಗಾವಿ ಎಲ್ಲಮ್ಮನ ಭಕ್ತರು. ಹಾಳುಬಿದ್ದ ಗುಡಿಗಳ ನಡುವೆ ಅರವತ್ತು ಕಂಬದ ಗುಡಿಯೆಂಬ ವಿಶಾಲವಾದ ಮಂಟಪವನ್ನು ಕಾಣಬಹುದು. ಹನ್ನೊಂದನೆಯ ಶತಮಾನದಲ್ಲಿ, ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳಿಕೆಯಲ್ಲಿ, ಇದು ಘಟಿಕಾಸ್ಥಾನವಾಗಿತ್ತು. ಎಂದರೆ ಉನ್ನತ ವಿದ್ಯೆಯ ಕೇಂದ್ರ. ದಂಡನಾಯಕ ಮಧುಸೂದನನು ಮಾಡಿದ ಏರ್ಪಾಡನ್ನು 1058ರ ಶಾಸನವು ತಿಳಿಸುತ್ತದೆ. ವೇದವನ್ನು ಓದುವ ಇನ್ನೂರು ವಿದ್ಯಾರ್ಥಿಗಳಿಗೆ, ಶಾಸ್ತ್ರಗಳನ್ನು ಓದುವವರಿಗೆ, ಅವರ ಉಪಾಧ್ಯಾಯರಿಗೆ ಅನ್ನ ವಸತಿಗಳು ನಿಗದಿಯಾದವು. ಪುಸ್ತಕಗಳನ್ನು ಕಾಪಾಡುವುದಕ್ಕೆ ಆರು ಮಂದಿ ಸರಸ್ವತೀ ಭಂಡಾರಿಗರು ನೇಮಕವಾದರು.

ಯೂರೋಪಿನ ಅತಿ ಹಳೆಯ ವಿಶ್ವವಿದ್ಯಾಲಯವೆಂದು ಹೆಸರಾದ ಬೊಲೋನ್ಯವು ತನ್ನ ಹುಟ್ಟನ್ನು 1088ಕ್ಕೆ ಎಣಿಸುತ್ತದೆ. ಆಕ್ಸ್‌ಫರ್ಡಿನಲ್ಲಿ ಪಾಠ ನಡೆಯುತ್ತಿದ್ದುದು 1096ರಿಂದ ತಿಳಿದುಬರುತ್ತದೆ. ನಮ್ಮ ನಾಗಾವಿ ಅವಕ್ಕಿಂತ ಹಿರಿಯದೆಂದು ಎದೆಯುಬ್ಬಿಸುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಆ ಊರುಗಳಲ್ಲಿ ದೀಪ ಆರಲಿಲ್ಲ, ಇಲ್ಲಿ ಆರಿತು. ಹೆಮ್ಮೆಗಿಂತ ಮೊದಲು ಈ ವ್ಯತ್ಯಾಸವೇ ನಮ್ಮನ್ನು ಕಾಡಬೇಕು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ತಾಲ್ಲೂಕುಗಳನ್ನು ಅಳೆದು ತೂಗಿ, ಸೇಡಂ, ಚಿತ್ತಾಪುರ, ಚಿಂಚೋಳಿಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಯಲ್ಲಿ ಸೇರಿಸಿತು. ಆ ಲೆಕ್ಕವನ್ನು ತಪ್ಪೆನ್ನಲಾಗದು. ನೀರು, ಶಾಲೆ, ಆಸ್ಪತ್ರೆಗಳ ಕೊರತೆ ಕಣ್ಣಿಗೆ ಕಾಣುವಂಥದು. ಆದರೆ ‘ಹಿಂದುಳಿದ’ ಎಂಬ ಮಾತನ್ನು ಬಾಲ್ಯದಿಂದ ಕೇಳುತ್ತ ಬೆಳೆದ ಹುಡುಗನೊಬ್ಬನು ತನ್ನ ನೆಲಕ್ಕೆ ಬೇರೆ ಹೆಸರೇ ಇಲ್ಲವೆಂದು ತಿಳಿದುಬಿಟ್ಟರೆ ಆ ನಷ್ಟವನ್ನು ಯಾವ ಅನುದಾನವೂ ತುಂಬಲಾರದು. ಅಂಥವನನ್ನು ಒಂದು ಬೆಳಗ್ಗೆ ನಾಗಾವಿಗೆ ನಡೆಸಿಕೊಂಡು ಹೋಗಬೇಕು. ಇಲ್ಲಿ ಪುಸ್ತಕ ಕಾಯುವುದಕ್ಕೆಂದೇ ಆರು ಜನರಿಗೆ ಸಂಬಳ ಕೊಡುತ್ತಿದ್ದರೆಂದು ಹೇಳಿ, ಆ ಕಂಬಗಳ ನಡುವೆ ಅವನನ್ನು ಸುಮ್ಮನೆ ಬಿಡಬೇಕು.

ಚಿತ್ತಾಪುರದಿಂದ ವಾಡಿ, ಶಹಾಬಾದುಗಳತ್ತ ಹೋದರೆ ದೃಶ್ಯವು ಬೇರೆಯಾಗುತ್ತದೆ. ಇದು ರೈಲಿನ, ಗಣಿಯ, ಸಿಮೆಂಟಿನ ಸೀಮೆ. ಶಹಾಬಾದಿನ ಸಿಮೆಂಟು ಕಂಪನಿಯು 1936ರಲ್ಲಿ ಇತರ ಕಂಪನಿಗಳೊಡನೆ ಕೂಡಿ ಎ.ಸಿ.ಸಿ. ಎಂಬ ದೊಡ್ಡ ಸಂಸ್ಥೆಯ ಭಾಗವಾಯಿತು. ವಾಡಿಯ ಕಾರ್ಖಾನೆ 1968ರಲ್ಲಿ ಹುಟ್ಟಿತು. ಮುಂದೆ ಮಳಖೇಡ, ಸೇಡಂಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಇಲ್ಲಿ ನಡೆಯುವುದರಲ್ಲಿ ಏನು ಚೆಲುವಿದೆ ಎಂದು ಕೇಳುವವರಿಗೆ, ಫರಸಿ ಏಳಿಸುವ ಒಂದು ಗಣಿಯ ಅಂಚಿನಲ್ಲಿ ಅರ್ಧ ಗಳಿಗೆ ನಿಲ್ಲಿರೆಂದು ಹೇಳುತ್ತೇನೆ. ಬೂದು, ಹಸಿರು, ತಿಳಿಗೆಂಪು ಪದರಗಳು ಗೋಡೆಯಂತೆ ಕಾಣುತ್ತವೆ. ಪದರದ ಸಂದನ್ನು ನೋಡಿಕೊಂಡು ಉಳಿಯಿಟ್ಟು ಹದವಾಗಿ ಬಡಿಯುವ ಕೆಲಸಗಾರನು ಕಲ್ಲಿನ ಸ್ವಭಾವವನ್ನು ಯಾವ ಪಂಡಿತನಿಗೂ ಕಡಮೆಯಿಲ್ಲದಂತೆ ಬಲ್ಲನು. ಬಿಸಿಲು, ಧೂಳು, ಕೂಲಿಯ ಕಷ್ಟಗಳ ನಡುವೆ ಅವನು ಏಳಿಸಿದ ಹಾಸುಗಲ್ಲಿನ ಮೇಲೆ ದೇಶವೆಲ್ಲ ನಡೆದಾಡುತ್ತದೆ.

ಇದೇ ಸುಣ್ಣಕಲ್ಲಿನ ನಾಡಿನಲ್ಲಿ ನಮ್ಮ ಮೂರನೆಯ ದನಿ ಕೇಳಿಬಂದಿತು. ಚಿತ್ತಾಪುರ ತಾಲ್ಲೂಕಿನ ತೆಂಕಣ ತುದಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, ಚಂದ್ರಲಾಂಬೆಯ ಕ್ಷೇತ್ರವಾದ ಸನ್ನತಿ ಇದೆ. ಇಲ್ಲಿಯ ಬೌದ್ಧ ಅವಶೇಷಗಳನ್ನು ಕಪಟರಾಳ ಕೃಷ್ಣರಾಯರು 1954ರಲ್ಲಿ ಮೊದಲು ಗುರುತಿಸಿದರು. 1986ರಲ್ಲಿ ಗುಡಿಯ ಆವರಣದೊಳಗಿನ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಅದನ್ನು ಸರಿಪಡಿಸಲು ಹೋದಾಗ ದೇವಿಯ ಪೀಠವಾಗಿದ್ದ ಕಲ್ಲು ಅಶೋಕ ಚಕ್ರವರ್ತಿಯ ಶಾಸನವೆಂದು ಗೊತ್ತಾಯಿತು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅದರಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳೂ, ಅಲ್ಲಿಯವರೆಗೆ ಕಳಿಂಗ ದೇಶದಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಇದ್ದವು. ಕೆಲವು ವರ್ಷಗಳ ಮೇಲೆ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ಒಂದು ಮಹಾಸ್ತೂಪವೇ ಹೊರಬಂದಿತು. ಅಲ್ಲಿಯ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಣಿಯೊಡನೆ ನಿಂತ ಅರಸನ ಚಿತ್ರದ ಬಳಿ ಅಶೋಕನೆಂದು ಹೆಸರನ್ನೇ ಕೆತ್ತಿದ್ದಾರೆ.

ಹನ್ನೆರಡನೆಯ ಬಂಡೆಶಾಸನದ ವಿಷಯವೇನು? ಎಲ್ಲ ಪಂಥದವರನ್ನೂ ಗೌರವಿಸಬೇಕು, ತನ್ನ ಪಂಥವನ್ನು ಹೊಗಳುವ ಭರದಲ್ಲಿ ಇತರರದನ್ನು ಹಳಿಯಬಾರದು, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಬೇಕು ಎಂಬುದೇ ಅದರ ತಾತ್ಪರ್ಯ. ಈ ಮಾತನ್ನು ಹೊತ್ತ ಕಲ್ಲು ಎಷ್ಟೋ ಕಾಲ ಕಾಳಿಯನ್ನು ತನ್ನ ಮೇಲೆ ನಿಲ್ಲಿಸಿಕೊಂಡಿತ್ತು. ಮೂರ್ತಿಯನ್ನು ಕೂರಿಸುವುದಕ್ಕಾಗಿ ನಡುವೆ ಕುಳಿ ಕೊರೆದುದರಿಂದ ಕೆಲವು ಅಕ್ಷರಗಳು ಹಾಳಾದವು. ಅದೇ ಪೂಜೆಯ ದೆಸೆಯಿಂದ ಉಳಿದ ಅಕ್ಷರಗಳು ಬದುಕಿಕೊಂಡವು. ಕಲ್ಲನ್ನು ಪೀಠವಾಗಿಸಿದವನಿಗೆ ಬ್ರಾಹ್ಮೀ ಅಕ್ಷರ ತಿಳಿದಿರಲಾರದು. ಅಕ್ಷರವನ್ನು ಓದಲಾರದ ಕಾಲದಲ್ಲಿಯೂ ಕಲ್ಲು ತನ್ನ ಮಾತನ್ನು ತಾನೇ ನಡೆಸಿಕೊಂಡಿತೆನ್ನಬೇಕು.

ಈ ಮೂರು ದನಿಗಳ ಹಾದಿಯಿಂದ ಮನಸ್ಸು ತುಂಬಿ ಬಂದವನಿಗೆ ವಿಶ್ರಾಂತಿಯೂ ಬೇಕು. ಅದಕ್ಕೆ ಸೇಡಂನ ಬಡಗಲಿಗೆ ಚಿಂಚೋಳಿಯಿದೆ. ಅಲ್ಲಿ ಸುಣ್ಣಕಲ್ಲಿನ ಬಯಲು ಮುಗಿದು ಗುಡ್ಡದ ನಾಡು ಆರಂಭವಾಗುತ್ತದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾರಸದ ಕರಿಗಲ್ಲುಗಳು ಕಾಣಿಸುತ್ತವೆ. ಕುಂಚಾವರಂ ಸುತ್ತಲಿನ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅದರ ವಿಸ್ತಾರ ಸುಮಾರು 135 ಚದರ ಕಿಲೋಮೀಟರು. ತೇಗ, ರಕ್ತಚಂದನದ ಮರಗಳು, ತೋಳ, ಕತ್ತೆಕಿರುಬ, ನಾಲ್ಕು ಕೊಂಬಿನ ಜಿಂಕೆಗಳು ಇಲ್ಲಿವೆ. ಚಂದ್ರಂಪಳ್ಳಿಯ ಕೆರೆಯಂಥ ಜಲಾಶಯದ ದಂಡೆಯ ಮೇಲೆ ಬೆಳಗಿನ ನಡಿಗೆ, ಗೊಟ್ಟಂಗೊಟ್ಟದ ಬಕ್ಕಪ್ರಭುವಿನ ಗುಡಿಗೆ ಕಾಡಿನ ಹಾದಿ, ಮಳೆಗಾಲ ಮುಗಿದ ಹೊಸದರಲ್ಲಿ ಎತ್ತಿಪೋತದ ಜಲಪಾತ, ಇವು ‘ಬಿಸಿಲಿನ ನಾಡು’ ಎಂಬ ಹೆಸರನ್ನು ಕೆಲವು ಗಳಿಗೆ ಮರೆಯಿಸುತ್ತವೆ. ಕಾಡಿನ ನಡುವೆ ಲಂಬಾಣಿಗರ ತಾಂಡಾಗಳಿವೆ. ದಾರಿ ತಪ್ಪಿದವನಿಗೆ ಅವರೇ ದಿಕ್ಕು. ಚಿಂಚೋಳಿಯ ಮುಲ್ಲಾಮಾರಿಯೂ ಸೇಡಂನ ಕಮಲಾವತಿಯೂ ಕಾಗಿಣೆಯನ್ನು ಕೂಡುತ್ತವೆ. ಕಾಗಿಣೆಯು ಮಳಖೇಡವನ್ನು ತೊಳೆದು ಭೀಮೆಯನ್ನು ಸೇರುತ್ತದೆ. ಭೀಮೆಯ ದಂಡೆಯಲ್ಲಿ ಸನ್ನತಿ. ಹೀಗೆ ನಾವು ಸುತ್ತಿದ ಊರುಗಳನ್ನೆಲ್ಲ ನೀರು ನಮಗಿಂತ ಮೊದಲೇ ಒಂದು ದಾರದಲ್ಲಿ ಕೋದಿದೆ.

ಕೊನೆಗೆ ಒಂದು ಮಾತು. ಕಲ್ಲು ಈ ಸೀಮೆಯ ಅನ್ನ. ಗಣಿಯನ್ನು ಮುಚ್ಚಿರೆಂದು ಹೇಳುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೆ ಅದೇ ಕಲ್ಲು ಈ ಸೀಮೆಯ ಪುಸ್ತಕವೂ ಆಗಿದೆ. ಹೊಲದ ಬದುವಿನಲ್ಲಿ, ಬಾವಿಯ ಮೆಟ್ಟಿಲಲ್ಲಿ, ದನ ಕಟ್ಟುವ ಗೂಟವಾಗಿ ಇನ್ನೂ ಎಷ್ಟು ಬರೆದ ಕಲ್ಲುಗಳು ನಿಂತಿವೆಯೋ ಹೇಳಬರುವುದಿಲ್ಲ. ಒಂದು ಸಾರಿ ಒಡೆದರೆ, ಸುಟ್ಟು ಸುಣ್ಣವಾದರೆ, ಅಂಥ ಪುಟಕ್ಕೆ ಎರಡನೆಯ ಪ್ರತಿ ಇಲ್ಲ. ಸರಕಾರದ ಇಲಾಖೆಗಳು ಕಾವಲಿರಿಸಬಹುದಾದ ಸ್ಥಳಗಳು ಕೆಲವು ಮಾತ್ರ. ಉಳಿದುವನ್ನು ಕಾಯಬೇಕಾದವರು ಆಯಾ ಊರಿನ ಜನರು. ಕಂಡ ಅರಿವಿಲ್ಲದೆ ಕಾಯುವುದು ಸಾಧ್ಯವಿಲ್ಲ, ನಡೆಯದೆ ಕಾಣುವುದೂ ಸಾಧ್ಯವಿಲ್ಲ. ಪ್ರತಿಯೊಂದು ಶಾಲೆಯ ಮಕ್ಕಳು ವರ್ಷದಲ್ಲಿ ಒಂದು ದಿನ ತಮ್ಮ ಊರಿನ ಸುತ್ತಲಿನ ಮೂರು ಹರದಾರಿಯನ್ನು ಉಪಾಧ್ಯಾಯರೊಡನೆ ಕಾಲ್ನಡಿಗೆಯಲ್ಲಿ ಸುತ್ತಿ, ಕಂಡ ಬರೆಹದ ಕಲ್ಲುಗಳ ಪಟ್ಟಿಯನ್ನು ಶಾಲೆಯಲ್ಲಿ ತೂಗುಹಾಕಿದರೂ ಸಾಕು. ಅದಕ್ಕೆ ರೊಟ್ಟಿಯ ಬುತ್ತಿಯೊಂದರ ಹೊರತು ಬೇರೆ ಖರ್ಚಿಲ್ಲ.

ಅಂಥ ನಡಿಗೆಯಲ್ಲಿ ದಾರಿ ತೋರಿಸುವವರು ಬಹುಶಃ ಕುರಿಗಾಹಿಗಳು, ಗಣಿಯ ಕೆಲಸಗಾರರು, ಮುದುಕಿಯರು. ಕ್ರಮವಾಗಿ ಓದದವರೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಈ ನಾಡವರ ವಿಷಯದಲ್ಲಿ ಕವಿರಾಜಮಾರ್ಗವು ಮೆಚ್ಚಿ ಹೇಳಿದೆ. ಮಳಖೇಡದ ಮಾತು ಮಳಖೇಡದ ಸುತ್ತಿನಲ್ಲಿ ಇಂದಿಗೂ ಸುಳ್ಳಾಗಿಲ್ಲ. ಅವರನ್ನು ಕೇಳಿದರೆ ಕಲ್ಲುಗಳು ಎಲ್ಲಿವೆಯೆಂದು ತೋರಿಸುತ್ತಾರೆ. ಆ ಕಲ್ಲುಗಳು ಏನು ಹೇಳುತ್ತವೆಯೆಂದು ಅವರಿಗೆ ಓದಿ ತಿಳಿಸುವ ಭಾರವು ಓದಿದವರಾದ ನಮ್ಮದು. ಅನ್ಯರನ್ನು ತಾಳಿಕೊಂಡು ಬಾಳುವುದೇ ದೊಡ್ಡ ಸಂಪತ್ತೆಂಬ ಆ ಮಾತನ್ನು ಓದಿ ಹೇಳದೆ ಹೋದರೆ, ಇರುವ ಬಂಗಾರವನ್ನು ನಾವೇ ಹೂತಿಟ್ಟಂತೆ.

ಈ ಹಿಂಗಾರಿನಲ್ಲಿ ತೊಗರಿ ಹೂಬಿಟ್ಟಾಗ, ವಾಡಿಯಲ್ಲಿ ಬಂಡಿ ನಿಂತಾಗ, ತಾವು ಒಂದು ಸಾರಿ ಇಳಿದು ನೋಡಬೇಕೆಂದು ಬೇಡುತ್ತೇನೆ.